ಸತ್ತವನ ಎಲೆಗೆ ಇನ್ನೊಂದು ಸೌಟು

ಆ ದಿನ ಬೆಳಿಗ್ಗೆ ಬಿಸಿಲೂ ಇತ್ತು, ಮಳೆಯೂ ಇತ್ತು. ಮಠದ ಅಡುಗೆಮನೆಯ ಹೆಂಚಿನ ಮೇಲೆ ಹನಿ ಟಪಟಪ ಬೀಳುತ್ತಿದ್ದರೂ ಅಂಗಳದಲ್ಲಿ ನನ್ನ ನೆರಳು ಎದ್ದು ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಕಾಗೆಗೂ ನರಿಗೂ ಮದುವೆಯಾಗುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಮದುವೆಗೆ ಅಡುಗೆ ಮಾಡುವವರು ಯಾರಜ್ಜಿ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ‘ನೀನೇ ಹೋಗಿ ಮಾಡು’ ಅಂದಿದ್ದಳು. ಅವಳ ಬಾಯಿಹರಕೆಯೋ ಏನೋ, ನಾನು ಅಡುಗೆಯವನೇ ಆದೆ. ನಲವತ್ತು ವರ್ಷದಿಂದ ಮಠದ ದಾಸೋಹದ ಸೌಟು ನನ್ನ ಕೈಯಲ್ಲಿದೆ. ಹೆಸರು ಸಿದ್ಧವೀರಯ್ಯ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ, ಊರಿಗೆಲ್ಲ ನಾನು ಅಯ್ಯನೋರು.

ಅಂದು ಸಂಜೆ ಹಿರಿಯ ಗುರುಗಳ ಸ್ಮರಣೆ. ಸಾವಿರ ಎಲೆ. ಬೇಳೆ ನೆನೆದಿತ್ತು, ಹುಗ್ಗಿಯ ಗೋಧಿ ಕುಟ್ಟಿ ಆಗಿತ್ತು, ಒಲೆಗೆ ಸೌದೆ ಒಟ್ಟಿಯಾಗಿತ್ತು. ಅಂಥ ದಿನ ಅಡುಗೆಯವನು ಸಿನಿಮಾಕ್ಕೆ ಹೋಗುತ್ತಾನೆಯೇ? ಹೋದೆ. ಅದಕ್ಕೆ ಕ್ಷೌರದ ಚೆಲುವಣ್ಣ ಕಾರಣ. ಮುಖಕ್ಕೆ ಸೋಪು ಹಚ್ಚಿ, ನಾನು ಬಾಯಿ ಬಿಡಲಾಗದ ಹೊತ್ತು ನೋಡಿಕೊಂಡು ಅವನು ಮಾತು ತೆಗೆದ.

‘ಅಯ್ನೋರೇ, ಟಾಕೀಸ್ನಾಗೆ ಹೊಸ ಸಿನಿಮಾ ಬಂದದೆ. ಇನ್ನೊಂದು ಸೌಟು ಅಂತ ಹೆಸರು. ಮೊದ್ಲಿಂದ ಕೊನೇಗಂಟ ಬರೀ ಊಟದ ಪಂಕ್ತೀನೇ. ಒಂದು ಕೊಲೇನೂ ಅದೆ ಅನ್ನಿ. ಆದ್ರೆ ಬಡಿಸೋದು ಹೆಂಗದೆ ಅಂತ ಹೇಳಾಕೆ ನಮಗೆಲ್ಲಿ ಬತ್ತದೆ? ನೀವು ನೋಡಿ ಒಂದು ಮಾತು ಹೇಳ್ದೆ ಹೋದ್ರೆ ಈ ಊರ್ನಾಗೆ ಆ ಸಿನಿಮಾ ನೋಡ್ದಂಗೇ ಅಲ್ಲ.’

ಶಿವಭಕ್ತನಿಗೆ ಹೊಗಳಿಕೆ ಬೂದಿಗೆ ಸಮಾನವಾಗಿರಬೇಕು. ನನಗೆ ಅದು ತುಪ್ಪದಂತೆ ಇಳಿಯಿತು. ಹತ್ತು ಗಂಟೆಯ ಆಟ ಮುಗಿಸಿ ಹನ್ನೆರಡೂವರೆಗೆ ಬಂದುಬಿಡುತ್ತೇನೆ ಎಂದು ಒಲೆಯ ಮುಂದೆ ಕೂತಿದ್ದ ನೀಲಮ್ಮನಿಗೆ ಹೇಳಿ ಹೊರಟೆ. ನೀಲಮ್ಮ ಇಪ್ಪತ್ತು ವರ್ಷದಿಂದ ನನ್ನ ಜೊತೆ ಹೆಚ್ಚುತ್ತ, ರುಬ್ಬುತ್ತ ಇರುವವಳು. ‘ಹುಷಾರು ಅಯ್ನೋರೇ, ಇವತ್ತು ಉಪ್ಪಿನ ಕೆಲ್ಸ ಅದೆ’ ಎಂದಳು. ಅವಳು ಯಾಕೆ ಹಾಗೆಂದಳು ಎಂಬುದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವು ಹೊರಗಿನವರು, ಹೇಳುತ್ತೇನೆ.

ನಮ್ಮ ಟಾಕೀಸಿನ ಹೊರಬಾಗಿಲಲ್ಲಿ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಒಂದು ಮಣ್ಣಿನ ಬೋಗುಣಿ, ಬೋಗುಣಿಯ ತುಂಬ ಕಲ್ಲುಪ್ಪು. ಸಿನಿಮಾ ನೋಡಿ ಬಂದವರು ಒಬ್ಬೊಬ್ಬರಾಗಿ ಅಲ್ಲಿ ನಿಂತು, ನೋಡಿದ್ದು ಹೇಗಿತ್ತು ಎಂದು ನಾಲ್ಕು ಜನ ಕೇಳುವಂತೆ ಹೇಳಬೇಕು. ಹೇಳಿ ಒಂದು ಹರಳು ನಾಲಗೆಗೆ ಹಾಕಿಕೊಳ್ಳಬೇಕು. ಹೇಳಿದ್ದು ತನ್ನದೇ ಮನಸ್ಸಿನ ಮಾತಾದರೆ ಉಪ್ಪು ಉಪ್ಪಾಗಿಯೇ ಇರುತ್ತದೆ. ಬೇರೆಯವರ ಮಾತೋ, ಒಪ್ಪಿಗೆಗೆಂದು ಆಡಿದ ಮಾತೋ ಆದರೆ ಹರಳು ಬೆಣಚುಕಲ್ಲಿನಂತೆ ಸಪ್ಪಗೆ ಕೂರುತ್ತದೆ. ಬೋಗುಣಿಯ ಮುಂದೆ ನಿಲ್ಲದೆ ತಪ್ಪಿಸಿಕೊಂಡು ಹೋದವರಿಗೂ ಅಷ್ಟೆ. ನಿಜ ಹೇಳುವ ತನಕ ಮನೆಯ ಸಾರೂ ಸಪ್ಪೆ, ಉಪ್ಪಿನಕಾಯಿಯೂ ಸಪ್ಪೆ, ಕಣ್ಣೀರು ಬಾಯಿಗಿಳಿದರೂ ಸಪ್ಪೆ. ಯಾವಾಗಿನಿಂದ ಹೀಗೆ ಎಂದು ಯಾರೂ ಕೇಳಿಲ್ಲ. ಬಾವಿಯಲ್ಲಿ ನೀರು ಯಾವಾಗಿನಿಂದ ಇದೆ ಎಂದು ಯಾರಾದರೂ ಕೇಳುತ್ತಾರೆಯೇ? ಗಂಡ ಊಟಕ್ಕೆ ಕೂತು ‘ಸಾರಿಗೆ ಉಪ್ಪೇ ಹಾಕಿಲ್ಲವಲ್ಲೇ’ ಎಂದರೆ ನಮ್ಮ ಹೆಂಗಸರು ಉಪ್ಪಿನ ಮರಿಗೆ ತರುವುದಿಲ್ಲ, ‘ಯಾರ ಜತೆ ಸಿನಿಮಾಕ್ಕೆ ಹೋಗಿದ್ರಿ’ ಎಂದು ಕೇಳುತ್ತಾರೆ. ಪಟ್ಟಣದ ಪತ್ರಿಕೆಯವರೊಬ್ಬರು ವಿಮರ್ಶೆ ಬರೆಯಲು ಬಂದು ಮೂರು ದಿನ ಸಪ್ಪೆ ಉಂಡು, ನಾಲ್ಕನೆಯ ದಿನ ‘ನನಗೆ ಅರ್ಥವಾಗಲಿಲ್ಲ’ ಎಂದು ಒಪ್ಪಿಕೊಂಡು ಉಪ್ಪು ನೆಕ್ಕಿ ಹೋದದ್ದೂ ಉಂಟು.

ಸಿನಿಮಾದ ಕಥೆ ಇಷ್ಟು. ಮೂವರು ಅಣ್ಣತಮ್ಮಂದಿರು. ಅವರಿಗೊಬ್ಬ ಆಸ್ತಿವಂತ ಸೋದರಮಾವ. ತಂಗಿಯ ಮದುವೆಯ ದಿನ ಪಾನಕದಲ್ಲಿ ವಿಷ ಹಾಕಿ ಅವನನ್ನು ಮುಗಿಸುತ್ತಾರೆ. ರಾತ್ರಿ ಸಾಯಲಿ ಎಂದು ಹಾಕಿದ ವಿಷ, ಮುದುಕ ಮಧ್ಯಾಹ್ನವೇ ಪಂಕ್ತಿಯಲ್ಲಿ ಕೂತಲ್ಲೇ ಸತ್ತುಬಿಡುತ್ತಾನೆ. ಸತ್ತ ಎಂದರೆ ಸೂತಕ, ಸೂತಕವೆಂದರೆ ಮದುವೆ ನಿಂತಿತು. ಅದಕ್ಕೆ ಕಪ್ಪು ಕನ್ನಡಕ ಹಾಕಿಸಿ, ಬೆನ್ನಿಗೆ ದಿಂಬು ಕೊಟ್ಟು, ಕೂರಿಸಿಯೇ ಇಟ್ಟಿರುತ್ತಾರೆ. ಬಡಿಸುವವನು ಬಂದು ಬಂದು ಬಡಿಸುತ್ತಾನೆ. ಎಲೆ ಗುಡ್ಡವಾಗುತ್ತದೆ. ಜೋಯಿಸರು ಬಂದು ಕೈ ನೋಡಿ ‘ತೊಂಬತ್ತಕ್ಕೆ ಮೋಸವಿಲ್ಲ’ ಅನ್ನುತ್ತಾರೆ. ಬೀಗರೊಬ್ಬರು ಹೊಲ ಕೇಳುತ್ತಾರೆ, ಮೌನ ಸಮ್ಮತಿ ಎಂದು ಕಾಲಿಗೆ ಬಿದ್ದು ಹೋಗುತ್ತಾರೆ. ಪಕ್ಕದ ಎಲೆಗೆ ಪೊಲೀಸಿನವನೇ ಬಂದು ಕೂತು, ‘ಇಷ್ಟು ಮರ್ಯಾದಸ್ಥ ಮನುಷ್ಯರನ್ನ ನಾನು ಕಂಡಿಲ್ಲ, ಒಂದು ಮಾತಿಲ್ಲ’ ಎಂದು ಹೊಗಳುತ್ತಾನೆ. ಕೊನೆಗೆ ಮೂವರೂ ಹೆದರಿಕೆಯಲ್ಲಿ ಯಾವ ಲೋಟ ಯಾವುದೆಂದು ತಿಳಿಯದೆ ಅದೇ ಪಾನಕ ಕುಡಿದು ಕೂತಲ್ಲೇ ಸಾಯುತ್ತಾರೆ. ಅಷ್ಟು ಹೊತ್ತಿಗೆ ಬಡಿಸುವವನು ಅವರ ಎಲೆಗೂ ಬಡಿಸಲು ಮತ್ತೆ ಬರುತ್ತಾನೆ.

ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಹೆಣ ನೋಡಿ ನಗಬಹುದೇ ಎಂದು ಮಧ್ಯದಲ್ಲಿ ಅನ್ನಿಸಿತು. ಹಾಗನ್ನಿಸಿದಾಗ ಇನ್ನೂ ಜೋರು ನಗು ಬಂತು.

ಹೊರಗೆ ಬಂದರೆ ಬೋಗುಣಿಯ ಪಕ್ಕ ಎಂದಿನಂತೆ ಸಣ್ಣತಾಯಮ್ಮ ಕೂತಿದ್ದಳು. ಆಟಕ್ಕೆ ಮೊದಲು ಚೀಟಿ ಹರಿಯುವವಳೂ ಅವಳೇ, ಆಟ ಮುಗಿದ ಮೇಲೆ ಉಪ್ಪು ಕಾಯುವವಳೂ ಅವಳೇ. ಬಿಸಿಲುಮಳೆ ಇನ್ನೂ ನಿಂತಿರಲಿಲ್ಲ. ಜನ ಸೂರಿನಡಿ ಒತ್ತಿಕೊಂಡು ಸಾಲು ನಿಂತರು.

ಮೊದಲು ಚೆಲುವಣ್ಣ. ‘ಹೆಣದ ಮೀಸೆ ಇಂಟರ್ವಲ್‌ಗೆ ಮುಂಚೆ ಒಂದಿತ್ತು, ಆಮೇಲೊಂದಿತ್ತು. ಎಡಗಡೆ ಅರ್ಧ ಬೆರಳು ಜಾಸ್ತಿ. ಸತ್ತ ಮೇಲೆ ಒಂದೇ ಕಡೆ ಮೀಸೆ ಬೆಳೀತದೇನಯ್ಯಾ?’ ಎಂದು ಹರಳು ಹಾಕಿಕೊಂಡ. ಮುಖ ಕಿವುಚಿದ. ಉಪ್ಪಾಗಿತ್ತು.

ಆಮೇಲೆ ಶಾಲೆಯ ತಾರಾಬಾಯಿ ಟೀಚರು. ಸೆರಗು ಸರಿಮಾಡಿಕೊಂಡು, ‘ಅಪರಾಧ ಮಾಡಿದವರಿಗೆ ಶಿಕ್ಷೆ ತಪ್ಪಿದ್ದಲ್ಲ ಎಂಬ ನೀತಿ ಸಮಾಜಕ್ಕೆ ಸಿಗುತ್ತದೆ’ ಎಂದರು. ಹರಳು ಹಾಕಿಕೊಂಡರು. ನಾಲಗೆ ಹೊರಳಿಸಿದರು.

‘ಏನ್ ಟೀಚರಮ್ಮ, ಸಪ್ಪೆನಾ?’ ಸಣ್ಣತಾಯಮ್ಮ ಕೇಳಿದಳು.

‘ಮಕ್ಕಳು ನೋಡುವಂಥ ಚಿತ್ರವಲ್ಲ, ಹಿಂಸೆ ಹೆಚ್ಚಾಯಿತು.’ ಮತ್ತೊಂದು ಹರಳು. ಅದೂ ಸಪ್ಪೆ.

‘ಹಿಂದೆ ಜನ ಕಾಯ್ತಾವ್ರೆ. ಏನದೆ ಅದ್ನ ಹೇಳ್ಬುಡಿ ತಾಯಿ.’

ಟೀಚರು ನೆಲ ನೋಡಿಕೊಂಡು, ‘ಆ ಎರಡನೇ ತಮ್ಮ ನೋಡೋಕೆ ಚೆನ್ನಾಗಿದ್ದ. ಸಾಯಬಾರದಿತ್ತು’ ಎಂದು ಒಂದೇ ಉಸಿರಿಗೆ ಹೇಳಿ, ಹರಳು ಬಾಯಿಗೆ ಹಾಕಿಕೊಂಡು, ಛತ್ರಿ ಬಿಚ್ಚುವುದನ್ನೂ ಮರೆತು ಮಳೆಯಲ್ಲೇ ನಡೆದುಹೋದರು. ಸೂರಿನಡಿಯ ನಗು ಅವರ ಮನೆಯ ತಿರುವಿನವರೆಗೂ ಅವರನ್ನು ಬಿಟ್ಟುಬಂತು.

ಗೋರಿ ತೋಡುವ ಇಮಾಮಣ್ಣ, ‘ಹೆಣ ಅಷ್ಟೊತ್ತಿಗೆ ಸೆಟೆದಿರ್ಬೇಕು. ಈ ವಯ್ಯ ಕತ್ತು ಹೆಂಗೆ ಬೇಕಾದ್ರೆ ಹಂಗೆ ಆಡಿಸ್ತಾನೆ. ನಮ್ಮ ಕಸುಬಿಗೆ ಬೆಲೆ ಇಲ್ವಾ?’ ಎಂದು ಸಿಟ್ಟಿನಲ್ಲೇ ಉಪ್ಪು ನೆಕ್ಕಿದ. ಹೂವಿನ ಪುಟ್ಟನಂಜಮ್ಮನ ಯಜಮಾನರು ಹೋಗಿ ಎರಡು ವರ್ಷ. ಅವಳು ಬೋಗುಣಿಯ ಮುಂದೆ ಬಹಳ ಹೊತ್ತು ನಿಲ್ಲಲೇ ಇಲ್ಲ. ‘ನಮ್ಮೆಜಮಾನ್ರೂ ಹಿಂಗೇ ಕೂತಿರೋರು ಕಣ್ರವ್ವ. ಚೆನ್ನಾಗದೆ ಅನ್ನರು, ಚೆನ್ನಾಗಿಲ್ಲ ಅನ್ನರು. ಮೂವತ್ತೊರ್ಸ ಬಡಿಸ್ದೆ. ಯಾವಾಗ ಸತ್ರೋ ಅಂತ ಇವತ್ತು ಅನುಮಾನ ಬಂತು’ ಎಂದಳು. ಹರಳು ಹಾಕಿಕೊಂಡು, ಚಪ್ಪರಿಸಿ, ನಕ್ಕಳು. ಎರಡು ವರ್ಷದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಾಲಿನಲ್ಲಿ ನನ್ನ ಮುಂದೆಯೇ ಚನ್ನಮಲ್ಲಪ್ಪನಿದ್ದ. ಊರಾಚೆ ಸುಣ್ಣದ ಗೂಡು ಹಾಕಿಕೊಂಡಿರುವವನು. ಅವನ ಹುಬ್ಬಿನ ಮೇಲೂ ಯಾವಾಗಲೂ ಸುಣ್ಣದ ಧೂಳು. ಅವನು ತಿರುಗಿ ನನ್ನನ್ನು ನೋಡಲಿಲ್ಲ, ನಾನೂ ಕೆಮ್ಮಲಿಲ್ಲ. ನಮ್ಮಿಬ್ಬರಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ.

ಅವನು ಬೋಗುಣಿಯ ಮುಂದೆ ನಿಂತು ನಿಧಾನವಾಗಿ, ‘ಸತ್ತೋನ ಎಲೆಗೆ ಎಷ್ಟು ಸಲ ಬಡಿಸಿದ್ರು! ಬದುಕಿರೋರಿಗೂ ಅಷ್ಟು ಉಪಚಾರ ಇಲ್ಲ’ ಎಂದ. ಹರಳು ಹಾಕಿಕೊಂಡ, ತಲೆಯಾಡಿಸಿದ, ಹೋದ. ಜನ ಗೊಳ್ಳೆಂದರು. ನಾನೂ ನಗಲು ಬಾಯಿ ತೆರೆದೆ. ತೆರೆದ ಬಾಯಿ ತೆರೆದೇ ಉಳಿಯಿತು.

‘ಬನ್ನಿ ಅಯ್ನೋರೇ’ ಎಂದಳು ಸಣ್ಣತಾಯಮ್ಮ. ‘ನಿಮ್ಮ ಮಾತಿಗೇ ಎಲ್ಲ ಕಾಯ್ತಾವ್ರೆ.’

ಮನೆಗೆ ಹೊರಟಿದ್ದವರೂ ತಿರುಗಿ ನಿಂತರು. ನಾನು ಗಂಟಲು ಸರಿಮಾಡಿಕೊಂಡು, ಪಾಯಸ ಸೌಟಿನಿಂದ ಬೀಳುವ ರೀತಿ ನೋಡಿದರೆ ಹಾಲು ಒಡೆದಿದೆ, ಅನ್ನಕ್ಕಿಂತ ಮೊದಲು ಹಪ್ಪಳ ಇಟ್ಟದ್ದು ತಪ್ಪು, ಬಲಗಡೆಯಿಂದ ಬಡಿಸಿಕೊಂಡು ಬಂದದ್ದಂತೂ ದೊಡ್ಡ ತಪ್ಪು ಎಂದು ಹೇಳಿದೆ. ಚೆಲುವಣ್ಣ ‘ಆಹಾ’ ಎಂದ. ನಾನು ಹರಳು ಹಾಕಿಕೊಂಡೆ. ಸಪ್ಪೆ.

ಇರಲಿ ಎಂದು, ‘ಸಾವು ಶಿವನ ಕರೆ. ಅದನ್ನು ನಗೆಪಾಟಲು ಮಾಡಬಾರದು’ ಎಂದೆ. ಸಪ್ಪೆ. ಇಷ್ಟು ವರ್ಷ ಜಪ ಮಾಡಿದ ನಾಲಗೆ. ಶಿವನ ಹೆಸರು ಹೇಳಿದರೂ ಉಪ್ಪು ಕರಗಲಿಲ್ಲ.

‘ನಗು ಬಂತು, ನಕ್ಕೆ’ ಎಂದೆ ಕೊನೆಗೆ. ನಾಲಗೆಯ ತುದಿಗೆ ತುಸು ಉಪ್ಪು ಮುಟ್ಟಿದ ಹಾಗಾಯಿತು, ಅಷ್ಟರಲ್ಲೇ ಹೋಯಿತು.

ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕಷ್ಟ. ಚೆಲುವಣ್ಣ ಮೆಲ್ಲಗೆ, ‘ಇವತ್ತು ಸಾವಿರ ಎಲೆ ಅಲ್ವಾ?’ ಎಂದ.

ಮಠಕ್ಕೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದು ಒಲೆಯ ಮುಂದೆ ಕೂತಿತ್ತು. ನೀಲಮ್ಮ ಉಪ್ಪಿನ ಮರಿಗೆಯನ್ನು ನನ್ನ ಕಡೆ ಸರಿಸಿದಳು. ಬೇಳೆ ಬೆಂದಿತ್ತು, ಸಾರು ಕುದಿಯುತ್ತಿತ್ತು. ಗದ್ದುಗೆಗೆ ಎಡೆ ಒಪ್ಪಿಸಿದ ಮೇಲೆ, ಪಂಕ್ತಿ ಕೂರುವ ಮುಂಚೆ, ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೋಡಿ ಹದ ಮಾಡುವುದು ನಮ್ಮ ಮಠದ ಕಟ್ಟಳೆ. ಸೌಟು ಹಿಡಿದವನೇ ನೋಡಬೇಕು, ಬೇರೆಯವರ ನಾಲಗೆ ಆಗದು. ಎಡೆ ಐದು ಗಂಟೆಗೆ.

ಉಪ್ಪಿನ ಮರಿಗೆಗೆ ಕೈ ಹಾಕಿದೆ. ನಲವತ್ತು ವರ್ಷದ ಅಳತೆ ಕೈಗೆ ಗೊತ್ತು, ಆದರೆ ಕೈಗೆ ನಾಲಗೆಯೇ ಸಾಕ್ಷಿ. ಒಂದು ಬೊಗಸೆ ತುಂಬಿಕೊಂಡು ಕೊಪ್ಪರಿಗೆಯ ಮೇಲೆ ಹಿಡಿದು ನಿಂತೆ. ಇದು ಮೊದಲನೆಯದೋ ಎರಡನೆಯದೋ? ನೆನಪಾಗಲಿಲ್ಲ. ಎಡೆಗೆ ಮುಂಚೆ ಸಾರು ನೋಡುವಂತಿಲ್ಲ, ಮರಿಗೆಯ ಒಂದು ಹರಳು ನಾಲಗೆಗಿಟ್ಟರೆ ಬೆಣಚುಕಲ್ಲು. ಬೆವರು ಮೂಗಿನ ತುದಿಯಿಂದ ಬಾಯಿಗಿಳಿಯಿತು, ಅದು ಬರೀ ಬಿಸಿನೀರು.

‘ಹಾಕಿದ್ನೇನೇ ನೀಲಮ್ಮ?’

‘ನಾನು ತೆಂಗಿನಕಾಯಿ ತುರೀತಿದ್ದೆ, ನೋಡ್ಲಿಲ್ಲ ಅಯ್ನೋರೇ’ ಎಂದಳು. ತುರಿಯನ್ನು ಒಟ್ಟುಮಾಡುತ್ತ, ‘ಆವತ್ತೂ ನಾನು ನೋಡಿರ್ಲಿಲ್ಲ’ ಎಂದಳು.

ಬೊಗಸೆಯ ಉಪ್ಪನ್ನು ಮರಿಗೆಗೆ ಸುರಿದೆ. ಶಲ್ಯ ಹೆಗಲಿಗೆ ಎಸೆದುಕೊಂಡು ಟಾಕೀಸಿಗೆ ನಡೆದೆ. ಗಂಟೆ ನಾಲ್ಕಾಗುತ್ತಿತ್ತು. ಮಧ್ಯಾಹ್ನದ ಆಟ ಒಳಗೆ ನಡೆದಿತ್ತು. ಗೋಡೆಯಾಚೆಯಿಂದ ಜನ ನಗುವುದು ಕೇಳುತ್ತಿತ್ತು, ಜೋಯಿಸರು ಕೈ ನೋಡುವ ಜಾಗ ಇರಬೇಕು. ಸಣ್ಣತಾಯಮ್ಮ ಒಬ್ಬಳೇ ಕೂತು ಉಪ್ಪಿಗೆ ಬಿದ್ದ ಮಳೆಹನಿ ನೋಡಿ ಬೋಗುಣಿಯನ್ನು ಒಳಸರಿಸುತ್ತಿದ್ದಳು.

‘ಬತ್ತೀರ ಅಂತ ಗೊತ್ತಿತ್ತು. ಕೂತ್ಕಳಿ, ಜನ ಇಲ್ಲ’ ಎಂದಳು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ‘ತಾಯಮ್ಮ, ಕೊಲೆ ಮಾಡಿದವರು ಮೂವರು ಅಂತ ಎಲ್ಲರೂ ಅಂತಾರೆ. ನನ್ನ ಕಣ್ಣು ಅವರ ಮೇಲೆ ಇರಲೇ ಇಲ್ಲ. ಬಡಿಸುವವನ ಮೇಲಿತ್ತು. ಅವನು ಎಲೆ ನೋಡ್ತಾನೆ, ಮುಖ ನೋಡಲ್ಲ. ಅದಕ್ಕೇ ಸತ್ತವನಿಗೆ ಬಡಿಸ್ತಾನೆ. ಅವನನ್ನ ನೋಡಿ ನಕ್ಕೆ. ನಾನು ಅವನಿಗಿಂತ ಕಡೆ. ನಾನು ಮುಖ ನೋಡಿದೆ, ನೋಡಿಯೇ ದಾಟಿ ಹೋದೆ.’

ಅವಳು ಬೋಗುಣಿಯಿಂದ ಕೈ ತೆಗೆದಳು.

‘ಹನ್ನೊಂದು ವರ್ಷ ಆಯ್ತು. ಇದೇ ಸ್ಮರಣೆಯ ದಿನ. ಯಾರೋ ಪಟ್ಟಣದವರು ಬಂದು ನನ್ನ ಅಡುಗೆ ಹೊಗಳ್ತಾ ಒಲೆ ಮುಂದೆ ನಿಂತಿದ್ದರು. ಮಾತಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅಂಗೈಗೆ ಹಾಕ್ಕೊಂಡಾಗಲೇ ನನಗೆ ಗೊತ್ತಾಯ್ತು. ಯಾರು ಕೇಳ್ತಾರೆ ಅಂತ ಹಾಗೇ ಬಡಿಸಿದೆ. ಯಾರೂ ಕೇಳಲಿಲ್ಲ, ಚನ್ನಮಲ್ಲಪ್ಪ ಒಬ್ಬ ಕೇಳಿದ. ಈಗಿನ ಗುರುಗಳ ಮುಂದೆಯೇ, ಅಯ್ನೋರೇ ಸಾರಿಗೆ ಉಪ್ಪು ಜಾಸ್ತಿ ಆಗದೆ ಅಂದ. ಆಮೇಲೆ ಹುಗ್ಗಿ ತಂದೆ. ಅವನು ಎಲೆಯ ಮೂಲೆ ಒರೆಸಿ ಜಾಗ ಮಾಡಿಕೊಂಡು ತಲೆ ಎತ್ತಿ ನನ್ನ ನೋಡಿದ. ನಾನೂ ನೋಡಿದೆ. ಎಲೆ ಇಲ್ಲವೇ ಇಲ್ಲ ಅನ್ನೋ ಹಾಗೆ ಮುಂದಿನವನಿಗೆ ಬಡಿಸಿದೆ. ಅವನು ಕೇಳಲಿಲ್ಲ. ಎಲೆ ಮಡಚಿಕೊಂಡು ಎದ್ದ. ಆಮೇಲೆ ದಾಸೋಹಕ್ಕೆ ಕಾಲಿಟ್ಟಿಲ್ಲ. ಸಿನಿಮಾದವನು ಸತ್ತವನನ್ನ ಬದುಕಿದವನ ಹಾಗೆ ಉಪಚರಿಸಿದ. ನಾನು ಬದುಕಿದವನನ್ನ ಪಂಕ್ತಿಯಲ್ಲೇ ಸಾಯಿಸಿದೆ. ಸಿನಿಮಾ ಹೇಗಿತ್ತು ಅಂದರೆ ಹಾಗಿತ್ತು.’

ಹರಳು ಬಾಯಿಗೆ ಹಾಕಿಕೊಂಡೆ. ನಾಲಗೆ ಚುರುಕ್ಕೆಂದಿತು. ಬಾಯಿ ತುಂಬ ನೀರು ಬಂತು, ಕಣ್ಣಿನ ತುಂಬವೂ ಬಂತು. ಅಷ್ಟು ರುಚಿಯಾದ ಉಪ್ಪನ್ನು ನಾನು ಹುಟ್ಟಿದಾಗಿನಿಂದ ತಿಂದಿರಲಿಲ್ಲ.

ಸಣ್ಣತಾಯಮ್ಮ ನಿಟ್ಟುಸಿರು ಬಿಟ್ಟಳು. ‘ಅಷ್ಟೇನಾ? ನೀವು ತಿರ್ಗ ಬಂದಿದ್ದು ನೋಡಿ ಯಾರ ಪಾನಕಕ್ಕೆ ಏನು ಹಾಕಿದ್ರೋ ಅಂತ ನನ್ನೆದೆ ಡವಡವ ಅಂತಿತ್ತು.’ ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ‘ಹೋಗಿ, ಐದಕ್ಕೆ ಎಡೆ. ಇಲ್ಲಿ ನಿಂತು ನನ್ನ ಉಪ್ಪೆಲ್ಲ ಖಾಲಿ ಮಾಡ್ಬೇಡಿ’ ಎಂದಳು.

ಆ ಬೊಗಸೆ ಮೊದಲನೆಯದೇ ಎಂದು ದಾರಿಯಲ್ಲಿ ನೆನಪಾಗಿತ್ತು. ಬಂದವನೇ ಕೊಪ್ಪರಿಗೆಗೆ ಉಪ್ಪು ಹಾಕಿದೆ, ಕೈಯ ಅಳತೆಗೆ ಬಂದಷ್ಟು. ಎಡೆ ಗದ್ದುಗೆಗೆ ಹೋಯಿತು. ಹಿರಿಯ ಗುರುಗಳು ಇದ್ದಾಗ ಒಂದು ಮಾತು ಹೇಳುತ್ತಿದ್ದರು, ದಾಸೋಹದಲ್ಲಿ ಉಣ್ಣುವವನೇ ದೇವರು, ಗದ್ದುಗೆಯ ಎಡೆ ಅವನಿಗೆ ಕಳಿಸಿದ ಕರೆಯೋಲೆ ಅಷ್ಟೆ ಎಂದು. ಕೈಮುಗಿದು ನಿಂತಾಗ ಆ ಮಾತು ನೆನಪಾಯಿತು. ನಲವತ್ತು ವರ್ಷ ಓಲೆಯನ್ನೇ ಪೂಜೆ ಮಾಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಸಾರು ಅಂಗೈಗೆ ಬಿಟ್ಟುಕೊಂಡು ನೋಡಿದೆ. ಹದವಾಗಿತ್ತು. ನೀಲಮ್ಮನ ಅಂಗೈಗೂ ಒಂದು ತೊಟ್ಟು ಬಿಟ್ಟೆ. ಅವಳು ಕಟ್ಟಳೆ ನೆನೆದು ಹಿಂಜರಿದಳು. ‘ನೋಡು’ ಎಂದೆ. ಇಪ್ಪತ್ತು ವರ್ಷ ನೋಡದವಳು ಅವತ್ತು ನೋಡಿದಳು. ‘ಆಗದೆ’ ಎಂದಳು.

‘ಮೊದಲ ಪಂಕ್ತಿ ನೀನೇ ನಡೆಸು. ಮುಖ ನೋಡಿ ಬಡಿಸು’ ಎಂದು ಸೌಟು ಅವಳ ಕೈಗಿತ್ತೆ. ಬೇರೊಂದು ಸೌಟು, ಒಂದು ಎಲೆ, ಹಿಡಿಕೆಯ ಪಾತ್ರೆಯಲ್ಲಿ ಹುಗ್ಗಿ, ಕಾಗದದಲ್ಲಿ ಚಿಟಿಕೆ ಉಪ್ಪು ಹಿಡಿದು ಊರಾಚೆ ಹೊರಟೆ. ದಾರಿಯಲ್ಲಿ ಸಿಕ್ಕ ಚೆಲುವಣ್ಣ, ‘ಎಲ್ಲಿಗೆ ಅಯ್ನೋರೇ, ಕಾಗೆ ನರಿ ಮದುವೆಗಾ?’ ಎಂದ. ಹೌದೆಂದೆ.

ಮಳೆ ನಿಂತು ಬಿಸಿಲೊಂದೇ ಉಳಿದಿತ್ತು. ಚನ್ನಮಲ್ಲಪ್ಪ ಸುಣ್ಣದ ಗೂಡಿನ ಮುಂದೆ ಕೂತು ಬೆಂದ ಕಲ್ಲನ್ನು ಆರಿಸುತ್ತಿದ್ದ. ನನ್ನನ್ನು ಕಂಡು, ಕೈಯಲ್ಲಿದ್ದದ್ದನ್ನು ಕಂಡು, ಎದ್ದ. ತೊಟ್ಟಿಯ ನೀರಿನಲ್ಲಿ ಕೈ ತೊಳೆದ, ಬೆರಳ ಸಂದಿಯ ಸುಣ್ಣ ಹೋಗುವ ತನಕ ತೊಳೆದ. ನೆರಳಿದ್ದ ಕಡೆ ನೆಲ ಕೊಡವಿ ಚಕ್ಕಂಬಕ್ಕಳ ಹಾಕಿ ಕೂತ. ನಾನು ಎಲೆ ಹಾಸಿದೆ. ಅವನು ನೀರು ಚಿಮುಕಿಸಿ ಒರೆಸಿದ, ಬಲಗಡೆಯ ಮೂಲೆಯನ್ನು ಇನ್ನೊಂದು ಸಲ ಒರೆಸಿದ.

ಎಡತುದಿಗೆ ಉಪ್ಪು ಇಟ್ಟೆ. ಪಾತ್ರೆಗೆ ಸೌಟು ಹಾಕಿ ಎತ್ತಿ, ಮೊದಲು ಮುಖ ನೋಡಿದೆ. ಅವನೂ ತಲೆ ಎತ್ತಿ ನೋಡಿದ, ಹುಬ್ಬಿನ ತುಂಬ ಸುಣ್ಣ. ಆಮೇಲೆ ಎಲೆ ನೋಡಿ, ಹನ್ನೊಂದು ವರ್ಷದಿಂದ ಖಾಲಿ ಇದ್ದ ಆ ಮೂಲೆಗೆ ಒಂದು ಸೌಟು ಹುಗ್ಗಿಯನ್ನು ಮೆಲ್ಲಗೆ ಇಳಿಸಿದೆ.